ಆವರೇಜ್ ಎಂಬ ಹುಡುಗಿಯೂ ನಮ್ಮ ಮಾವನೂ

ಕಟಕ್!

ಈಗಲೂ ಎಲ್ಲಾದರೂ ಅಡಕತ್ತರಿಯ ಸದ್ದು ಕೇಳಿದರೆ ಸಾಕು, ನನಗೆ ಎಲೆ ಅಡಿಕೆಗಿಂತ ಮೊದಲು ಪರೀಕ್ಷೆಯ ಪೇಪರು ನೆನಪಾಗುತ್ತದೆ. ನನ್ನ ಸೋದರತ್ತೆಯ ಗಂಡ, ಅಂದರೆ ನಮ್ಮ ಮಾವ, ಪೇಪರು ತಿದ್ದುವ ಸ್ಟೈಲೇ ಹಾಗಿತ್ತು. ಸಿದ್ದಾಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಬಾಡಿಗೆ ಮನೆ. ಜಗಲಿಯ ಕಂಬಕ್ಕೆ ಒರಗಿ ಕೂತರೆ ಎಡಕ್ಕೆ ಪೇಪರಿನ ಕಟ್ಟು, ಬಲಕ್ಕೆ ಕವಳದ, ಅಂದರೆ ಎಲೆ ಅಡಿಕೆಯ, ತಬಕು. ಒಂದು ಪೇಪರು ತಿದ್ದಿ, ಮಾರ್ಕು ಕೂಡಿಸಿ, ಮೂಲೆಯಲ್ಲಿ ಕೆಂಪು ಪೆನ್ಸಿಲಿನಿಂದ ಬರೆದು, ಒಂದು ಹೋಳು ಅಡಿಕೆ: ಕಟಕ್! ಪಾಸಾದ ಪೇಪರಿಗೆ ಕಟಕ್ ಬೇಗ ಬರುತ್ತಿತ್ತು. ನಪಾಸಾದರೆ ಮಾತ್ರ ಅಡಕತ್ತರಿ ಅಡಿಕೆಯನ್ನು ಕಚ್ಚಿಕೊಂಡು, ಬಾಯಿ ಬಿಟ್ಟು, ಹಾಗೇ ನಿಂತುಬಿಡುತ್ತಿತ್ತು. ಮಾವ ಇನ್ನೊಂದು ಕೈಯಲ್ಲಿ ಪೇಪರನ್ನು ಮತ್ತೆ ಮೊದಲಿನಿಂದ ತಿರುವುತ್ತಿದ್ದರು, ಎಲ್ಲಾದರೂ ಒಂದು ಅರ್ಧ ಮಾರ್ಕು ತಮ್ಮ ಕಣ್ಣು ತಪ್ಪಿಸಿ ಅಡಗಿದೆಯೋ ಎಂದು. ಒಳಗೆ ಅತ್ತೆ ಸೌಟು ಹಿಡಿದವಳು ಕಿವಿಗೊಟ್ಟು, "ಯಾವುದೋ ಒಂದು ಮಾಣಿ ಮುಳುಗ್ತಾ ಇದ್ದು" ಎನ್ನುತ್ತಿದ್ದಳು. ರಿಸಲ್ಟು ಶಾಲೆಗಿಂತ ಮೊದಲು ಅತ್ತೆಯ ಅಡುಗೆಮನೆಗೆ ಗೊತ್ತಾಗುತ್ತಿತ್ತು!

ಶಿರಸಿ, ಸಿದ್ದಾಪುರ, ಯಲ್ಲಾಪುರ, ಮೂರೂ ತಾಲೂಕು ಜರಡಿ ಹಿಡಿದರೂ ನಮ್ಮ ಮಾವನಷ್ಟು ಲೆಕ್ಕ ಬಲ್ಲವರು ಸಿಗುತ್ತಿರಲಿಲ್ಲ. ಅವರಷ್ಟು ಬಸ್ಸು ತಪ್ಪಿಸಿಕೊಂಡವರೂ ಸಿಗುತ್ತಿರಲಿಲ್ಲ. ಎರಡಕ್ಕೂ ಕಾರಣ ಒಂದೇ. ಸರಾಸರಿ!

ಬಸ್ಸಿನ ಕತೆ ಮೊದಲು ಹೇಳಿಬಿಡುತ್ತೇನೆ. ಶಿರಸಿಗೆ ಹೋಗುವ ಬೆಳಗಿನ ಬಸ್ಸು ಎಂಟು ಗಂಟೆಗೆ ಎಂದು ಬೋರ್ಡಿನಲ್ಲಿ ಬರೆದಿತ್ತು. ಅದೇನು ಬೋರ್ಡು ಓದಿ ಓಡುವ ಬಸ್ಸೇ? ಡ್ರೈವರನಿಗೆ ಶಿರಸಿಯಲ್ಲಿ ಅವಸರದ ಕೆಲಸವಿದ್ದ ದಿನ ಏಳೂವರೆಗೇ ಬಂದು ಹೊರಟುಹೋಗುವುದು, ಇಲ್ಲದ ದಿನ ಎಂಟೂವರೆಗೆ ಆಕಳಿಸುತ್ತ ಬರುವುದು. ಮಾವ ಇದನ್ನೆಲ್ಲ ತಿಂಗಳುಗಟ್ಟಲೆ ಗಮನಿಸಿ, ಸರಾಸರಿ ತೆಗೆದು, ಉತ್ತರ ಎಂಟೇ ಎಂದು ಕಂಡುಹಿಡಿದಿದ್ದರು. ಆದ್ದರಿಂದ ಸರಿಯಾಗಿ ಎಂಟಕ್ಕೇ ಸ್ಟ್ಯಾಂಡಿಗೆ ಹೋಗುತ್ತಿದ್ದರು.

"ಮಾಸ್ತರ್ರೇ, ಬಸ್ಸು ಹೋಗಿ ಅರ್ಧ ತಾಸಾಯ್ತಲ್ಲ!" ಎಂದು ಬಸ್ ಏಜೆಂಟ.

"ನಿನ್ನೆ ಅರ್ಧ ತಾಸು ತಡ ಇತ್ತಲ್ಲ ಮಾರಾಯ. ಅದಕ್ಕೂ ಇದಕ್ಕೂ ಹೋಯ್ತು. ಲೆಕ್ಕ ಸರಿ ಇದೆ."

"ಲೆಕ್ಕ ಸರಿ ಇದೆ ಮಾಸ್ತರ್ರೇ. ಬಸ್ಸೇ ಇಲ್ಲ!"

ಮಾವ ನಗುತ್ತ ಮನೆಗೆ ವಾಪಸು. ಒಮ್ಮೆಯೂ ಬೇಸರಪಟ್ಟವರಲ್ಲ. ಬಸ್ಸು ತಪ್ಪಿದೆಯೇ ಹೊರತು ಉತ್ತರ ತಪ್ಪಿಲ್ಲವಲ್ಲ!

ಇಂಥ ಗಂಡನನ್ನು ಕಟ್ಟಿಕೊಂಡ ಅತ್ತೆ ಏನು ಮಾಡಿಯಾಳು? ಅವಳು ಸ್ಕೂಲು ಕಂಡದ್ದು ಮೂರನೇ ಇಯತ್ತೆಯವರೆಗೆ, ಆದರೆ ಸರಾಸರಿಯನ್ನು ಗಂಡನಿಗಿಂತ ಚೆನ್ನಾಗಿ ಬಳಸಿಕೊಂಡಳು, ಐ ಟೆಲ್ ಯು. ಒಂದು ದಿನ ಮಾವನಿಗೆ ಎರಡು ದೋಸೆ ಬಡಿಸಿದಳು. ಒಂದು ಕರ್ರಗೆ ಸೀದಿತ್ತು. ಇನ್ನೊಂದು ಹಸಿ ಹಿಟ್ಟು.

"ಎಂತದೇ ಇದು?"

"ಎಂತಾತು? ಒಂದು ಹೆಚ್ಚು ಬೆಂದಿದ್ದು, ಇನ್ನೊಂದು ಕಮ್ಮಿ ಬೆಂದಿದ್ದು. ಸರಾಸರಿ ಹದವಾಗಿದ್ದು. ತಿನ್ನಿ."

ಮಾವ ಎರಡನ್ನೂ ತಿಂದರು. ತತ್ವಕ್ಕೆ ಕಟ್ಟುಬಿದ್ದವರು ಪಾಪ, ಮತ್ತೇನು ಮಾಡಿಯಾರು!

ಇನ್ನು ನನ್ನ ರಿಪೋರ್ಟ್ ಕಾರ್ಡಿನ ಕತೆ. ಮುಂಬೈ ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂದ ಹೊಸತರಲ್ಲಿ ನನ್ನನ್ನು ದೂರದ ಒಂದು ಕಾನ್ವೆಂಟಿನ ಬೋರ್ಡಿಂಗಿಗೆ ಹಾಕಿದರು. ಅಪ್ಪಯ್ಯ ಶಿರಸಿಯಲ್ಲಿ ವಕೀಲರು. ಯಾವುದೋ ದೊಡ್ಡ ಜಡ್ಜ್ ಎದುರು ಅವರ ಇಂಗ್ಲಿಷು ತೊದಲಿತಂತೆ. ಆ ತೊದಲಿಗೆ ಪ್ರಾಯಶ್ಚಿತ್ತ ನಾನು! ಕ್ರಿಸ್ಮಸ್ ರಜೆಗೆ ಮನೆಗೆ ಬರುವಾಗ ಜೊತೆಗೆ ರಿಪೋರ್ಟ್ ಕಾರ್ಡೂ ಬರುತ್ತಿತ್ತು. ನಮ್ಮ ಸಿಸ್ಟರ್‌ಗಳು ಅದರಲ್ಲಿ ಪ್ರತಿ ವಿಷಯಕ್ಕೆ ಎರಡೆರಡು ಅಂಕಿ ಬರೆಯುತ್ತಿದ್ದರು. ಒಂದು ನನ್ನ ಮಾರ್ಕು. ಪಕ್ಕದಲ್ಲೇ ಕ್ಲಾಸ್ ಆವರೇಜು.

ಮೊದಲ ಸಲ ಅದನ್ನು ನಡುಮನೆಯಲ್ಲಿ ಎಲ್ಲರೆದುರು ಓದಿದೆ. "ಇಂಗ್ಲಿಷಿನಲ್ಲಿ ನನಗೆ ಅರವತ್ತೆಂಟು, ಆವರೇಜ್ ಅರವತ್ತು. ಹಿಸ್ಟರಿಯಲ್ಲಿ ನನಗೆ ಐವತ್ತೈದು, ಆವರೇಜ್ ಐವತ್ತಾರು..."

ಅಜ್ಜಿ ಬತ್ತಿ ಹೊಸೆಯುವುದನ್ನು ನಿಲ್ಲಿಸಿದಳು. "ಈ ಆವರೇಜು ಹೇಳದು ಯಾರ ಮನೆ ಕೂಸೇ? ಕಿರಿಸ್ತಾನರದ್ದಾ?"

ನನಗೆ ನಗು ತಡೆಯಲಾಗಲಿಲ್ಲ. ಅಜ್ಜಿಯೇ ಮುಂದುವರಿಸಿದಳು. "ಯಾವ ವಿಷಯದಲ್ಲೂ ಮೊದಲನೇ ನಂಬರು ಬತ್ತಿಲ್ಲೆ, ಯಾವುದರಲ್ಲೂ ನಪಾಸಾಗ್ತಿಲ್ಲೆ. ಒಳ್ಳೆ ಸ್ವಭಾವದ ಕೂಸು ಕಾಣ್ತು. ಅದರ ಸಂಗಡ ಇರು ನೀನು."

ಅಷ್ಟರಲ್ಲಿ ಮಾವ ಒಳಗೆ ಬಂದರು. ಅತ್ತೆಯನ್ನು ಬೆಳಗಿನ ಬಸ್ಸಿಗೇ ಮುಂದೆ ಕಳಿಸಿದ್ದರು. ತಾವು ಎಂದಿನಂತೆ ಸರಾಸರಿ ಹೊತ್ತಿಗೆ ಸ್ಟ್ಯಾಂಡಿಗೆ ಹೋಗಿ, ಸಂಜೆಯ ಬಸ್ಸಿಗೆ ಬಂದಿದ್ದರು. ಅಜ್ಜಿಯ ಮಾತು ಕೇಳಿ ಎಲ್ಲರೂ ನಕ್ಕರು, ಅವರೊಬ್ಬರನ್ನು ಬಿಟ್ಟು. ಗಂಭೀರವಾಗಿ ಚಾಪೆಯ ಮೇಲೆ ಕೂತು ಹೇಳಿದರು: "ಆ ಕೂಸು ಯಾವ ಕ್ಲಾಸಲ್ಲೂ ಇಲ್ಲೆ. ಹುಟ್ಟಿದ್ದೇ ಇಲ್ಲೆ. ಆದ್ರೂ ಇಡೀ ದೇಶದ ಮಕ್ಕಳನ್ನೆಲ್ಲ ಅದರ ಪಕ್ಕ ನಿಲ್ಸಿ ಬೈತ."

ಅಜ್ಜಿಗೆ ಕೆಡುಕೆನಿಸಿತು. "ಹುಟ್ಟದೇ ಇದ್ದ ಕೂಸಿಗೆ ಮಾರ್ಕು ಎಂತಕೆ ಕೊಡ್ತ?"

ಎಂಥ ಪ್ರಶ್ನೆ! ಶಿಕ್ಷಣ ಶಾಸ್ತ್ರದ ಮೇಲೆ ಆಮೇಲೆ ನಾನು ಎಷ್ಟೋ ಲೆಕ್ಚರು ಕೇಳಿದ್ದೇನೆ, ಇಷ್ಟು ಒಳ್ಳೆ ಪ್ರಶ್ನೆ ಮಾತ್ರ ಕೇಳಿಲ್ಲ.

ಅಪ್ಪಯ್ಯನ ಗಮನವೆಲ್ಲ ಆಗಲೇ ಕೊನೆಯ ಎರಡು ಸಾಲಿನ ಮೇಲಿತ್ತು. ಜಿಯಾಗ್ರಫಿಯಲ್ಲಿ ನನಗೆ ನಲವತ್ತೊಂದು, ಆವರೇಜ್ ನಲವತ್ತಾರು. ಅಪ್ಪಯ್ಯನ ಹುಬ್ಬು ಏರಿತು, ನಾನು ಆಯಿಯ, ಅಂದರೆ ಅಮ್ಮನ, ಸೆರಗಿನ ಹಿಂದೆ ಸರಿದೆ. ಅರಿತ್ಮೆಟಿಕ್‌ನಲ್ಲಿ ಐವತ್ತೆರಡು, ಆವರೇಜ್ ನಲವತ್ತೆಂಟು. ಹುಬ್ಬು ಇಳಿಯಿತು. "ಅಂತೂ ಲೆಕ್ಕದಲ್ಲಿ ಮಾನ ಉಳಿಸ್ತು" ಎಂದರು. ನಾನು ಆಯಿಯ ಸೆರಗಿನ ಹಿಂದಿನಿಂದ ಹೊರಗೆ ಬಂದೆ.

"ತಡಿ" ಎಂದರು ಮಾವ. ಕವಳದ ತಬಕು ಎಳೆದುಕೊಂಡರು. "ಕ್ಲಾಸಲ್ಲಿ ಎಷ್ಟು ಜನ?"

"ಇಪ್ಪತ್ತು."

"ಲೆಕ್ಕದ ಪರೀಕ್ಷೆ ದಿನ ಯಾರಾದ್ರೂ ಬರದೇ ಇದ್ವಾ?"

"ಇಬ್ಬರಿಗೆ ಗದ್ದಕಟ್ಟು ಬಾವು. ಸಿಕ್ ರೂಮಿನಲ್ಲಿದ್ದರು. ಸಿಸ್ಟರ್ ಜೀರೋ ಹಾಕಿದರು."

"ಹಾಂ! ಆ ಎರಡು ಸೊನ್ನೆ ತೆಗೆದ್ರೆ ಬರೆದವರ ಸರಾಸರಿ ಐವತ್ತಮೂರು ಚಿಲ್ಲರೆ. ನೀನು ಅದಕ್ಕಿಂತ ಕೆಳಗೆ. ನಿನ್ನ ಮಾನ ಉಳಿಸಿದ್ದು ನೀನಲ್ಲ ಕೂಸೆ, ಗದ್ದಕಟ್ಟು!"

ಕಟಕ್. ನಾನು ಮತ್ತೆ ಆಯಿಯ ಸೆರಗಿಗೆ. ಸೋ ಅನ್‌ಫೇರ್! ಆದರೆ ಮಾವ ಅಲ್ಲಿಗೇ ಬಿಡಲಿಲ್ಲ.

"ಜಿಯಾಗ್ರಫಿಲಿ ಮೊದಲನೇ ನಂಬರು ಯಾರು?"

"ಮೂವರಿಗೂ ತೊಂಬತ್ತೆರಡು. ರೈಲ್ವೆ ಆಫೀಸರರ ಮಕ್ಕಳು. ಅರ್ಧ ಇಂಡಿಯಾ ತಿರುಗಿದ್ದಾರೆ ಅವರು!"

"ನೋಡು ಮತ್ತೆ! ಆ ಮೂರನ್ನ ಬದಿಗಿಟ್ರೆ ಉಳಿದ ಹದಿನೇಳು ಜನರ ಸರಾಸರಿ ಮೂವತ್ತೆಂಟೂ ಇಲ್ಲೆ. ರೈಲು ಹತ್ತದೇ ಇದ್ದವರ ಪೈಕಿ ನೀನು ಮೇಲೇ." ಕಟಕ್!

ಅಪ್ಪಯ್ಯ ಕಂಗಾಲಾದರು. ಕೋರ್ಟಿನಲ್ಲಿ ಇಂಥ ಸಾಕ್ಷಿಯನ್ನು ಅವರು ಕಂಡಿರಲಿಲ್ಲ. "ಭಾವ, ಒಂದೇ ಮಾತು ಹೇಳಿ. ಇದಕ್ಕೆ ಬೈಯವ, ಬ್ಯಾಡದ?"

"ಜಿಯಾಗ್ರಫಿಗೆ ಶಾಬಾಸ್ ಹೇಳು. ಲೆಕ್ಕಕ್ಕೆ ಕಿವಿ ಹಿಂಡು."

ಮೂವತ್ತೈದಕ್ಕೆ ಪಾಸು ಎಂದಷ್ಟೇ ತಿಳಿದಿದ್ದ ಮನೆಯಲ್ಲಿ, ಹೆಚ್ಚು ಬಂದ ವಿಷಯಕ್ಕೆ ಕಿವಿ ಹಿಂಡಿಸಿಕೊಂಡ ಮೊದಲ ಹುಡುಗಿ ನಾನೇ ಇರಬೇಕು!

ಇಷ್ಟು ಸೂಕ್ಷ್ಮ ಬಲ್ಲ ಮನುಷ್ಯ ದೋಸೆಯ ವಿಷಯದಲ್ಲಿ, ಬಸ್ಸಿನ ವಿಷಯದಲ್ಲಿ ಹಾಗೇಕೆ ಮಾಡುತ್ತಿದ್ದರು? ನಾನು ಕೇಳಿಯೂ ಕೇಳಿದ್ದೆ. "ಬಸ್ಸು ತಪ್ಪಿದ್ರೆ ಇನ್ನೊಂದು ಬತ್ತು ಕೂಸೆ" ಎಂದಿದ್ದರು, ಅಷ್ಟೇ.

ಮಾವ ಆಗ ಊರಿನ ಒಂದು ಖಾಸಗಿ ಹೈಸ್ಕೂಲಿನ ಹೆಡ್ ಮಾಸ್ತರು. ಆ ವರ್ಷದ ಗ್ಯಾದರಿಂಗಿನಲ್ಲಿ, ಅಂದರೆ ಶಾಲೆಯ ವಾರ್ಷಿಕೋತ್ಸವದಲ್ಲಿ, ಭಾಷಣ ಮಾಡಲು ಹೇಳಿದರೆ, ಇವರು ದೇಶ, ಧರ್ಮ ಎಲ್ಲ ಬಿಟ್ಟು ಸರಾಸರಿಯ ಬಗ್ಗೆ ಮಾತಾಡಿದರು! ಉದಾಹರಣೆ ಕೊಟ್ಟು, ಬೋರ್ಡಿನಲ್ಲಿ ಬರೆದು, ತಾಯಂದಿರಿಗೂ ತಿಳಿಯುವ ಹಾಗೆ ಹೇಳಿದರಂತೆ. ಅರ್ಧ ಜನ ನಿದ್ದೆ ಹೋದರು. ಎದುರಿನ ಕುರ್ಚಿಯಲ್ಲಿದ್ದ ಶಾಲಾ ಕಮಿಟಿಯ ಚೇರ್ಮನ್ನರು ಮಾತ್ರ ನೆಟ್ಟಗೆ ಕೂತು ಕೇಳಿದರು. ಆಪತ್ತು ಶುರುವಾದದ್ದೇ ಅಲ್ಲಿಂದ.

ಚೇರ್ಮನ್ನರು ಬನವಾಸಿ ಕಡೆಯವರು, ಅಡಿಕೆಯ ದೊಡ್ಡ ವ್ಯಾಪಾರಿ. ಹಣೆ ತುಂಬ ವಿಭೂತಿ, ಬಾಯಿ ತುಂಬ ನಗು. ಶಾಲೆಗೆಂದು ಕೈ ಬಿಚ್ಚಿ ಕೊಡುವವರು. ಅವರ ಬೀಗರೊಬ್ಬರು ಪಕ್ಕದ ತಾಲೂಕಿನ ಹೈಸ್ಕೂಲಿಗೆ ಚೇರ್ಮನ್. ಇಬ್ಬರಿಗೂ ಎಲ್ಲದರಲ್ಲೂ ಪೈಪೋಟಿ. ಇಷ್ಟು ದಿನ ಎತ್ತು, ಗಾಡಿ, ಮದುವೆಯ ಊಟ ಎಂದು ನಡೆದಿತ್ತು. ಈಗ ಸರಾಸರಿ ಸಿಕ್ಕಿತು! ಅಂಗಡಿಯ ಬಾಗಿಲಲ್ಲೇ ಒಂದು ಕರಿ ಹಲಗೆ ತೂಗುಹಾಕಿದರು. ಅಡಿಕೆಯ ರೇಟಿನ ಕೆಳಗೆ ಎರಡೂ ಶಾಲೆಯ ಸರಾಸರಿ ಮಾರ್ಕು! ಶಾಲೆಯ ಯಾವ ಹುಡುಗ ಎದುರಾದರೂ, "ಏ ತಮ್ಮಾ, ಸರಾಸರಿ ಮ್ಯಾಲ ಒಯ್ತೀಯೋ, ಕೆಳಗ ಒಯ್ತೀಯೋ?" ಎಂದು ಕೇಳತೊಡಗಿದರು.

ಮಾವನ ಮನೆಯಲ್ಲಿ ಆಗ ಸರಸ್ವತಿ ಎಂಬ ಹುಡುಗಿ ಇದ್ದಳು. ಹೆಗ್ಗರಣೆ ಕಡೆಯವಳು, ಅತ್ತೆಗೆ ದೂರದ ನೆಂಟಸ್ತಿಕೆ. ಊರಲ್ಲಿ ಹೈಸ್ಕೂಲಿಲ್ಲದ್ದರಿಂದ ಇಲ್ಲಿ ಉಳಿದು ಹನ್ನೊಂದನೇ ಇಯತ್ತೆ, ಅಂದರೆ ಆಗಿನ ಎಸ್.ಎಸ್.ಎಲ್.ಸಿ., ಓದುತ್ತಿದ್ದಳು. ನನಗಿಂತ ಎರಡು ವರ್ಷ ದೊಡ್ಡವಳು, ನನ್ನನ್ನು ಕರೆಯುತ್ತಿದ್ದದ್ದು "ಇಂಗ್ಲಿಷ್ ಕೂಸೆ" ಎಂದೇ. ರಜೆಯಲ್ಲಿ ನಾನು ಸಿದ್ದಾಪುರಕ್ಕೆ ಹೋದರೆ ಇಬ್ಬರಿಗೂ ಒಂದೇ ಚಾಪೆ. ಅವಳು ಎಂಟನೆಯಲ್ಲಿದ್ದಾಗ ತಾಯಿಗೆ ಕಾಯಿಲೆಯಾಗಿ, ಸುಮಾರು ಇಡೀ ವರ್ಷ ಶಿರಸಿಯ ಆಸ್ಪತ್ರೆಯಲ್ಲಿ ತಾಯಿಯ ಮಂಚದ ಪಕ್ಕ ಕೂತಿದ್ದಳು. ತಾಯಿ ಉಳಿಯಲಿಲ್ಲ. ಆದರೆ ಅಲ್ಲಿ ಬಿಳಿ ಸೀರೆಯ ನರ್ಸೊಬ್ಬಳು ಸರಸುವಿನ ಕೈಗೆ ಥರ್ಮಾಮೀಟರು ಕೊಟ್ಟು ಓದುವುದನ್ನು ಕಲಿಸಿದ್ದಳು. ಅಂದಿನಿಂದ ಅವಳಿಗೆ ಒಂದೇ ಹಟ.

"ಜ್ವರಕ್ಕೆ ಇಂಗ್ಲಿಷಲ್ಲಿ ಎಂತ ಹೇಳ್ತ?"

"ಫೀವರ್."

"ವಾಂತಿಗೆ?"

"ಇಶ್ಶೀ, ಊಟದ ಹೊತ್ತಿಗೆ ಕೇಳಡ!"

"ನರ್ಸಿಗೆ ಊಟದ ಹೊತ್ತು, ವಾಂತಿ ಹೊತ್ತು ಹೇಳಿ ಬೇರೆ ಇರ್ತನೇ ಇಂಗ್ಲಿಷ್ ಕೂಸೆ?"

ನರ್ಸಿಂಗ್ ಟ್ರೇನಿಂಗಿಗೆ ಎಸ್.ಎಸ್.ಎಲ್.ಸಿ. ಪಾಸಾಗಬೇಕು. ಅವಳ ಅಪ್ಪ ಆಗಲೇ ಹೇಳಿಯಾಗಿತ್ತು: ಪರೀಕ್ಷೆಗೆ ಕೂರಿಸಿದರೆ ಸರಿ, ಕೂರಿಸದಿದ್ದರೆ ಗಂಟು ಕಟ್ಟಿಕೊಂಡು ಮನೆಗೆ ಬರುವುದು, ಇನ್ನೊಂದು ವರ್ಷದ ಮಾತಿಲ್ಲ.

ಆ ಡಿಸೆಂಬರಿನಲ್ಲಿ ಪ್ರಿಲಿಮಿನರಿ ಪರೀಕ್ಷೆಯ ಗಣಿತದ ಪೇಪರು ಜಗಲಿಗೆ ಬಂತು. ನಾನೂ ಸರಸುವೂ ಬಾಗಿಲ ಹಿಂದೆ. ಕಟಕ್... ಕಟಕ್... ಕಟಕ್... ಆಮೇಲೆ ಸದ್ದು ನಿಂತಿತು. ಒಂದು ಕವಳ ಹಾಕಿ ಮುಗಿಸುವಷ್ಟು ಹೊತ್ತು ನಿಂತೇ ಇತ್ತು. ಒಳಗೆ ಅತ್ತೆ ಸೌಟು ಕೆಳಗಿಟ್ಟಳು. ಸರಸು ನನ್ನ ಕೈ ಹಿಡಿದುಕೊಂಡಳು.

ಹನ್ನೊಂದು! ನೂರಕ್ಕೆ ಹನ್ನೊಂದು! ಹೆಸರು ನೋಡಿದರೆ ಸರಸ್ವತಿ!

ಮಾರನೆಯ ದಿನವೇ ಚೇರ್ಮನ್ನರು ಮನೆಗೆ ಬಂದರು. ಕಿಸೆಯಲ್ಲಿ ಚೀಟಿ. ತಾವೇ ಕೂತು ಲೆಕ್ಕ ಹಾಕಿದ್ದರು. ಆ ಹೆಮ್ಮೆ ಮುಖದಲ್ಲಿ ಬೆಳಗುತ್ತಿತ್ತು.

"ಮಾಸ್ತರ, ಇಪ್ಪತ್ನಾಕು ಹುಡುಗ್ರು, ಸರಾಸರಿ ನಲವತ್ತೆರಡೂವರಿ. ಬೀಗರ ಸಾಲಿದು ನಲವತ್ತಾರು. ಆದ್ರ ನಾ ಒಂದು ಯುಕ್ತಿ ಹುಡುಕೇನಿ ನೋಡ್ರಿ. ಭಾಳ ದಡ್ಡ ಹುಡುಗ್ರು ನಾಕ ಮಂದಿ ಅದಾರ. ಅವರ ಫಾರಮ್ ಕಳಸಬ್ಯಾಡ್ರಿ. ಸರಾಸರಿ ಎಷ್ಟಾತು? ನಲವತ್ತೆಂಟು! ಬೀಗ ಬಾಯಿ ಮುಚ್ಕೋತಾನ!"

ಒಳಗೆ ಸರಸು ರುಬ್ಬುವುದನ್ನು ನಿಲ್ಲಿಸಿದಳು. ಆ ನಾಲ್ವರಲ್ಲಿ ಅವಳೊಬ್ಬಳು ಎಂಬುದು ಹೇಳದೆಯೇ ಎಲ್ಲರಿಗೂ ಗೊತ್ತಿತ್ತು.

ಮಾವ ಚೀಟಿ ತೆಗೆದುಕೊಂಡು ನೋಡಿದರು. "ಲೆಕ್ಕ ಬಹಳ ಸರಿ ಇದೆ ಸಾಹುಕಾರ್ರೇ."

"ನಿಮ್ಮ ಶಿಷ್ಯಾರೀ!"

"ನಲವತ್ತೆರಡೂವರೆ ಇದ್ದದ್ದು ನಲವತ್ತೆಂಟಾಯ್ತು. ಈಗ ಹೇಳಿ, ಯಾವ ಹುಡುಗನಿಗೆ ಮಾರ್ಕು ಹೆಚ್ಚಾಯ್ತು?"

ಚೇರ್ಮನ್ನರು ಚೀಟಿ ನೋಡಿದರು. "ಯಾವಗೂ ಇಲ್ಲ."

"ಮತ್ತೆ ಈ ಐದೂವರೆ ಎಲ್ಲಿಂದ ಬಂತು?"

"ಸರಾಸರಿಯಿಂದ ಬಂತ್ರೀ! ನೀವ ಕಲಿಸಿದ್ದು!"

ಮಾವ ಅಡಕತ್ತರಿ ಕೆಳಗಿಟ್ಟರು. ಅವರು ಅಡಿಕೆ ಕತ್ತರಿಸದೆಯೇ ಅದನ್ನು ಕೆಳಗಿಟ್ಟದ್ದನ್ನು ನಾನು ಮೊದಲ ಬಾರಿ ಕಂಡದ್ದು ಅಂದೇ. "ಸಾಹುಕಾರ್ರೇ, ನಿಮ್ಮ ಅಂಗಡಿಗೆ ಒಬ್ಬ ಚಾಲಿ ಅಡಿಕೆ ತರ್ತಾನೆ ಅಂತಿಟ್ಕೊಳ್ಳಿ. ಚೀಲದ ಬಾಯಲ್ಲಿ ಮಾತ್ರ ಚೊಕ್ಕ ಮಾಲು, ಕೆಟ್ಟದ್ದನ್ನೆಲ್ಲ ಆರಿಸಿ ಮನೆಯಲ್ಲಿ ಅಡಗಿಸಿಟ್ಟು, 'ನನ್ನ ಬೆಳೆಯೆಲ್ಲ ಹೀಗೇ' ಅಂತಾನೆ. ನೀವು ಏನಂತೀರಿ?"

"ಕಳ್ಳ ಅಂತೀನ್ರೀ!" ಹೇಳಿದ ಮೇಲೆ ಚೇರ್ಮನ್ನರಿಗೆ ತಾವೆಲ್ಲಿ ಬಂದು ನಿಂತೆವೆಂಬುದು ಹೊಳೆಯಿತು. "ಅಲ್ರೀ ಮಾಸ್ತರ, ಅಡಿಕಿ ಬ್ಯಾರೆ, ಹುಡುಗ್ರು ಬ್ಯಾರೆ."

"ಅದೇ ನಾನೂ ಹೇ‍ಳೋದು. ಅಡಿಕೆಯಾದ್ರೆ ಆರಿಸಿ ಬಿಸಾಡಬಹುದು."

ಆಮೇಲೆ ಮಾವ ಮೆತ್ತಗೆ ಹೇಳಿದರು. "ಈ ಹುಡುಗಿಯ ಪೇಪರು ನೋಡಿದ್ದೇನೆ. ಭೂಮಿತಿಯಲ್ಲಿ ಬರೆದಷ್ಟರಲ್ಲಿ ಒಂದೂ ತಪ್ಪಿಲ್ಲ. ಹನ್ನೊಂದು ಬಂದದ್ದೂ ಅಲ್ಲಿಂದಲೇ. ಬೀಜಗಣಿತ ಬರುವ ಕಡೆಯೆಲ್ಲ ಖಾಲಿ. ಬೀಜಗಣಿತ ಶುರುವಾದ ವರ್ಷ ಅವಳು ಆಸ್ಪತ್ರೆಯಲ್ಲಿದ್ದಳು. ಅವಳಿಗೆ ಗಣಿತ ಬರೋದಿಲ್ಲ ಅಂತ ಹ್ಯಾಗೆ ಹೇಳಲಿ? ಒಂದು ವರ್ಷ ಬರೋದಿಲ್ಲ, ಅಷ್ಟೇ. ಫಾರ್ಮು ಕಳಿಸ್ತೇನೆ. ಇಪ್ಪತ್ತನಾಲ್ಕೂ ಕಳಿಸ್ತೇನೆ."

ಚೇರ್ಮನ್ನರು ಎದ್ದರು. ಸಿಟ್ಟಿಗಿಂತ ಹೆಚ್ಚಾಗಿ ಸಂಕಟವಿತ್ತು ಅವರ ಮುಖದಲ್ಲಿ. "ಕಳಸ್ರಿ. ಆದ್ರ ಸರಾಸರಿ ಕೆಳಗ ಬಿದ್ರ, ಮುಂದಿನ ವರ್ಷ ಕಮಿಟಿಯವರು ನಿಮ್ಮನ್ನ ಆ ಕುರ್ಚಿಮ್ಯಾಲ ಇಡಾಂಗಿಲ್ಲ. ನಾ ಒಬ್ಬವನ ಏನೂ ಮಾಡಾಕ ಬರೂದಿಲ್ಲ ಮಾಸ್ತರ."

"ಚಾ ಕುಡಿದು ಹೋಗಿ" ಎಂದರು ಮಾವ.

ಅವರು ಹೋದ ಮೇಲೆ ಅತ್ತೆ ಹೊರಗೆ ಬಂದಳು. "ಜನ್ಮ ಇಡೀ ಸರಾಸರಿ ಸರಾಸರಿ ಹೇಳಿ ಕುಣಿದ್ರಿ. ಈಗ ಅದೇ ನಿಂಗಳ ಕುತ್ತಿಗೆ ಹಿಡಿತು. ಬೇಕಿತ್ತಾ?"

ಮಾವ ಒಳಗೆ ತಿರುಗಿ, "ಸರಸೂ, ಸ್ಲೇಟು ತಗಂಡು ಬಾ" ಎಂದು ಕರೆದರು.

ನಾನು ಕಾನ್ವೆಂಟಿಗೆ ಮರಳಿದೆ. ಉಳಿದದ್ದನ್ನು ಸರಸು ಆಮೇಲೆ ಹೇಳಿದಳು. ಆ ಮೂರು ತಿಂಗಳು ದಿನವೂ ಶಾಲೆ ಬಿಟ್ಟ ಮೇಲೆ ಜಗಲಿಯಲ್ಲಿ ಬೀಜಗಣಿತ. ಮಿಕ್ಕ ಮೂವರು ಹುಡುಗರೂ ಬಂದು ಕೂರುತ್ತಿದ್ದರು. ಅತ್ತೆ ಬೈಯುತ್ತ ಬೈಯುತ್ತ ನಾಲ್ವರಿಗೂ ಅವಲಕ್ಕಿ ಕಲಸಿ ಕೊಡುತ್ತಿದ್ದಳಂತೆ. ಒಬ್ಬೊಬ್ಬರಿಗೆ ಹಾಕಿದ್ದರಲ್ಲಿ ಮಾತ್ರ ಹೆಚ್ಚು ಕಮ್ಮಿ ಇರಲಿಲ್ಲ!

ಮೇ ರಜೆಯಲ್ಲಿ ನಾನು ಸಿದ್ದಾಪುರದಲ್ಲಿದ್ದಾಗಲೇ ರಿಸಲ್ಟ್ ಬಂತು. ಹುಬ್ಬಳ್ಳಿಯ ಪೇಪರು ಬಸ್ಸಿನಲ್ಲಿ ಬರಬೇಕು. ಬಸ್ಸು ತಡ. ಮಾವ ಎಂದಿನಂತೆ ಸರಾಸರಿ ಹೊತ್ತಿಗೆ ಹೋಗಿ ಕಾದು ನಿಂತರು. ಪೇಪರಿನಲ್ಲಿ ಸರಸುವಿನ ನಂಬರು ಇರಲಿಲ್ಲ. ಮೂವರು ಹುಡುಗರಲ್ಲಿ ಒಬ್ಬನ ನಂಬರು ಇತ್ತು. ಕೆಲವು ದಿನದಲ್ಲಿ ಮಾರ್ಕೂ ತಿಳಿಯಿತು. ಸರಸು ಗಣಿತವೊಂದರಲ್ಲೇ ನಪಾಸು: ಇಪ್ಪತ್ತೊಂಬತ್ತು. ಶಾಲೆಯ ಸರಾಸರಿ ಬೀಗರ ಶಾಲೆಗಿಂತ ಕೆಳಗೆ. ಚೇರ್ಮನ್ನರು ಅಂಗಡಿಯ ಹಲಗೆಯಲ್ಲಿ ಅಡಿಕೆಯ ರೇಟನ್ನು ಮಾತ್ರ ಬಿಟ್ಟು ಉಳಿದದ್ದನ್ನು ಒರೆಸಿಬಿಟ್ಟರು.

ಸರಸು ಬಾಗಿಲ ಹಿಂದೆ ಕೂತು ಅಳುತ್ತಿದ್ದಳು. ಪೂರ್ ಥಿಂಗ್, ನನಗೂ ಅಳು. ಆಗ ಜಗಲಿಯಿಂದ ಮಾವನ ಕೂಗು: "ಜಿಲ್ಲೆಗೇ ಮೊದಲು! ನಮ್ಮ ಸರಸು ಜಿಲ್ಲೆಗೇ ಮೊದಲು!"

ಮಾವನಿಗೆ ತಲೆ ಕೆಟ್ಟಿತು ಎಂದುಕೊಂಡು ನಾವೆಲ್ಲ ಓಡಿದೆವು. ಎದುರು ಮನೆಯವರೂ ಬಂದರು.

"ಹನ್ನೊಂದರಿಂದ ಇಪ್ಪತ್ತೊಂಬತ್ತು! ಹದಿನೆಂಟು ಮಾರ್ಕು ಏರಿದ್ದು! ನಮ್ಮ ಶಾಲೆ ಮೊದಲನೇ ನಂಬರಿನವ ಎಂಬತ್ತರಿಂದ ಎಂಬತ್ತೊಂದಕ್ಕೆ ಏರಿದ್ದ. ಈಗ ಹೇಳಿ, ಯಾರು ಹೆಚ್ಚು ಕಲ್ತಿದ್ದು?"

ಸರಸುವಿನ ಅಳುವಿನೊಳಗಿಂದಲೇ ನಗು ಬಂದುಬಿಟ್ಟಿತು. ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತಳು. "ಹಂಗಾರೆ ಪಾಯಸ ಮಾಡವ? ನಪಾಸಾದ್ದಕ್ಕೆ?"

"ಮಾಡು!"

ಮಾಡಿದಳು. ಬಾಯಿಗಿಟ್ಟರೆ ಸಪ್ಪೆ! "ಅರ್ಧ ಬೆಲ್ಲ ಹಾಕಿದ್ದು" ಎಂದಳು ಅತ್ತೆ. "ಉಳಿದರ್ಧ ಪಾಸಾದ ದಿನದ ಪಾಯಸಕ್ಕೆ. ಸರಾಸರಿ ಸರಿಯಾಗ್ತು."

ಮಾವ ಎದ್ದು ಹೆಗ್ಗರಣೆಗೆ ಹೋಗಿ, ಸರಸುವಿನ ಅಪ್ಪನೆದುರು ಇದೇ ಹದಿನೆಂಟರ ಭಾಷಣ ಮಾಡಿ, ಅಕ್ಟೋಬರಿನ ಮರುಪರೀಕ್ಷೆಯವರೆಗೆ ಅವಳನ್ನು ಕೇಳಿಕೊಂಡು ಬಂದರು. ಆ ಅಪ್ಪನಿಗೆ ಲೆಕ್ಕ ತಿಳಿಯಿತೋ, ಭಾಷಣ ಸಾಕಾಯಿತೋ, ದೇವರೇ ಬಲ್ಲ.

ಜೂನಿನಲ್ಲಿ ಕಮಿಟಿ ಹೇಳಿದ ಮಾತು ನಡೆಸಿತು. ಮಾವನ ಕುರ್ಚಿಗೆ ಬೇರೆಯವರು ಬಂದರು. ಹಾರ ಹಾಕಿದ್ದು ಚೇರ್ಮನ್ನರೇ. ಹಾಕುವಾಗ ಅವರ ಕಣ್ಣಲ್ಲಿ ನೀರಿತ್ತು ಎಂದು ಅತ್ತೆ ಹೇಳುತ್ತಿದ್ದಳು. ಮಾವ ಯಲ್ಲಾಪುರ ತಾಲೂಕಿನ ಉಮ್ಮಚಗಿಯಲ್ಲಿ ಒಂದು ಸಣ್ಣ ಶಾಲೆಗೆ ಸಾದಾ ಮಾಸ್ತರಾಗಿ ಹೋದರು. ತಬಕು, ಅಡಕತ್ತರಿ, ಅತ್ತೆ, ಸರಸು, ಸ್ಲೇಟು, ಎಲ್ಲ ಒಂದೇ ಗಾಡಿಯಲ್ಲಿ.

ಅಕ್ಟೋಬರಿನ ಪರೀಕ್ಷೆಯಲ್ಲಿ ಸರಸುವಿಗೆ ಗಣಿತದಲ್ಲಿ ಮೂವತ್ತೇಳು ಬಂತು! ಅಂದಿನ ಪಾಯಸಕ್ಕೆ ಅತ್ತೆ ಒಂದೂವರೆ ಪಾಲು ಬೆಲ್ಲ ಹಾಕಿದಳಂತೆ. ಬಾಯಿಗಿಡಲಾರದ ಸಿಹಿ. ಮಾವ ಬಟ್ಟಲು ಬಳಿದು ತಿಂದರಂತೆ.

ಜನವರಿಯಲ್ಲಿ ಅವಳಿಗೆ ಹುಬ್ಬಳ್ಳಿಯಲ್ಲಿ ಟ್ರೇನಿಂಗ್ ಸೀಟು ಸಿಕ್ಕಿತು. ನನ್ನ ರಜೆಯೂ ಮುಗಿದಿತ್ತು. ಅವಳು ಹೆಗ್ಗರಣೆಗೆ ಹೋಗಿ ಅಪ್ಪನಿಗೆ ನಮಸ್ಕಾರ ಮಾಡಿ ಶಿರಸಿಗೆ ಬಂದಳು. ಇಬ್ಬರೂ ಒಂದೇ ಬಸ್ಸಿಗೆ ಹತ್ತಿದೆವು. ದಾರಿಯಲ್ಲಿ ಎಲ್ಲೆಂದರಲ್ಲಿ ನಿಲ್ಲುವ ಬಸ್ಸಲ್ಲ ಅದು, ನಿಲ್ಲುವುದು ಯಲ್ಲಾಪುರದಲ್ಲೇ. ಮಾವ ಅಲ್ಲಿಗೆ ಬಂದು ಕಾಣುತ್ತೇನೆ ಎಂದು ಹೇಳಿಕಳಿಸಿದ್ದರು.

"ಬಂದಾಂಗಾತು!" ಎಂದೆ ನಾನು. "ಮಾವ ಬರೋ ಹೊತ್ತಿಗೆ ನಮ್ಮ ಬಸ್ಸು ಹುಬ್ಬಳ್ಳಿ ಮುಟ್ಟಿರುತ್ತದೆ."

ಸರಸು ಕಿಟಕಿಯಿಂದ ಕತ್ತು ಹೊರಗೆ ಹಾಕಿ ಕೂತಿದ್ದಳು. ನಮ್ಮ ಬಸ್ಸು ಅಂದು ಬೇಗನೇ ಯಲ್ಲಾಪುರ ತಲುಪಿತ್ತು. ನೋಡಿದರೆ, ಸ್ಟ್ಯಾಂಡಿನ ಕಟ್ಟೆಯ ಮೇಲೆ ಮಾವ! ಕೋಟಿನ ಮೇಲೆಲ್ಲ ಕೆಂಧೂಳು. ಅಲ್ಲಿಯ ಏಜೆಂಟ ನಗುತ್ತ ಹೇಳಿದ: "ಈ ಮಾಸ್ತರ್ರು ಬೆಳಕು ಹರಿಯೋ ಮೊದಲೇ ಬಂದು ಕೂತಿದ್ದಾರೆ. ಬಂದ ಬಸ್ಸನ್ನೆಲ್ಲ ಹತ್ತಿ ಇಳಿದು ನೋಡಿದ್ರು!"

ನಾವಿಬ್ಬರೂ ಇಳಿದು ಓಡಿದೆವು. ಮಾವ ನನ್ನನ್ನು ದಾಟಿ ಸರಸುವಿನ ಕಡೆ ನೋಡಿದರು.

"ಇವತ್ತು ಆನು ಸರಾಸರಿ ನಂಬಿದ್ನಿಲ್ಲೆ ಕೂಸೆ" ಎಂದರು.

ಅವಳು ಅಲ್ಲೇ ಧೂಳಿನಲ್ಲಿ ಬಗ್ಗಿ ಕಾಲಿಗೆ ನಮಸ್ಕಾರ ಮಾಡಿದಳು. ಮಾವ ಅತ್ತೆ ಕಟ್ಟಿಕೊಟ್ಟ ಬುತ್ತಿಯನ್ನು ಅವಳ ಕೈಗಿಟ್ಟು, ತಲೆಯ ಮೇಲೆ ಕೈಯಿಟ್ಟರು. "ಅಲ್ಲಿ ಹೋಗಿ ಜ್ವರ ನೋಡಕ್ಕಾರೆ ಇಡೀ ವಾರ್ಡಿನ ಸರಾಸರಿ ತೆಗೆಯಡ. ಒಬ್ಬೊಬ್ಬರದೇ ನೋಡು."

"ಹೂಂ" ಎಂದಳು ಸರಸು.

ಆಮೇಲೆ ನಾನು ಮಾವನನ್ನು ನೋಡಲಿಲ್ಲ. ಮುಂದಿನ ರಜೆಗೆ ನಾನು ಮನೆಗೆ ಬರುವಷ್ಟರಲ್ಲಿ ಅವರು ಇರಲಿಲ್ಲ. ಹಾಗಾಗಿ ನನಗೆ ಉಳಿದಿರುವ ಕೊನೆಯ ಮಾವ ಯಲ್ಲಾಪುರದ ಸ್ಟ್ಯಾಂಡಿನವರೇ.

ಅಂದು ನಾವು ಹತ್ತಿದ್ದೇ ಕಂಡಕ್ಟರ್ ರೈಟ್ ಎಂದ. ಬಸ್ಸು ಅಲುಗಾಡಿತು. ನಾವಿಬ್ಬರೂ ಹಿಂದಿನ ಸೀಟಿಗೆ ಓಡಿ ಗಾಜಿಗೆ ಮುಖ ಒತ್ತಿದೆವು. ಮಾವ ಕೋಟಿನ ಕಿಸೆಯಿಂದ ಅಡಕತ್ತರಿ ತೆಗೆದರು. ಒಂದು ಅಡಿಕೆ ಇಟ್ಟರು, ಕಣ್ಣು ಮಾತ್ರ ನಮ್ಮ ಬಸ್ಸಿನ ಮೇಲೆ. ಈಗ ಬರುತ್ತದೆ, ಈಗ ಬರುತ್ತದೆ ಎಂದು ಎಂಜಿನ್ನಿನ ಗದ್ದಲದಲ್ಲೂ ನಾನು ಕಿವಿಗೊಟ್ಟು ಕಾದೆ. ಬಸ್ಸು ತಿರುಗಿ ಅವರು ಮರೆಯಾಗುವವರೆಗೂ ಆ ಅಡಕತ್ತರಿ ಅಡಿಕೆಯನ್ನು ಕಚ್ಚಿಕೊಂಡು, ಬಾಯಿ ಬಿಟ್ಟು, ಹಾಗೇ ಇತ್ತು.